ಮಳೆಯ ‘ಸರಾಸರಿ’ಯನ್ನು ಎಷ್ಟು ನಂಬಬಹುದು?

ಬೆಂಗಳೂರು: ಭಾರತೀಯ ಹವಾಮಾನ ಇಲಾಖೆಯು 2022ರ ಏಪ್ರಿಲ್‌ನಲ್ಲಿ ನೈರುತ್ಯ ಮುಂಗಾರಿನ ದೀರ್ಘಾವಧಿ ಸರಾಸರಿಯನ್ನು 88 ಸೆಂ.ಮೀ.ನಿಂದ 87 ಸೆಂ.ಮೀ.ಗೆ ಇಳಿಸಿತು. 1961-2010ರ ಬದಲಿಗೆ 1971-2020ರ ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಂಡದ್ದರಿಂದ ಆದ ಬದಲಾವಣೆ ಇದು. ದಶಕಗಟ್ಟಲೆ ಸಾಗುವ ನೈಸರ್ಗಿಕ ಏರಿಳಿತವೇ ಇಳಿಕೆಗೆ ಕಾರಣವೆಂದು ಇಲಾಖೆ ವಿವರಿಸಿತ್ತು.

ಮುಂಗಾರಿಗೆ ಶುಷ್ಕ ಘಟ್ಟಗಳೂ ಇವೆ, ಸಮೃದ್ಧ ಘಟ್ಟಗಳೂ ಇವೆ. 20ನೇ ಶತಮಾನದ ಮೊದಲ ಮೂರು ದಶಕಗಳಲ್ಲಿ ಬರ ಪದೇ ಪದೇ ಕಾಡಿತು. 1931ರಿಂದ 1960ರವರೆಗೆ ಬರದ ವರ್ಷಗಳು ವಿರಳವಾಗಿದ್ದವು. ಬಳಿಕ ಅವು ಮತ್ತೆ ಹೆಚ್ಚಿದವು. ಶುಷ್ಕ ಘಟ್ಟವೆಂದರೆ ಪ್ರತಿವರ್ಷವೂ ಬರ ಎಂದಲ್ಲ. ಬರ ಬೀಳುವ ಸಾಧ್ಯತೆ ಅಧಿಕ ಎಂದರ್ಥ.

ಇದರ ಮೂಲ ಸಾಗರದಲ್ಲಿದೆ. ಕೆಲವು ವರ್ಷಗಳಿಗೊಮ್ಮೆ ಪೆಸಿಫಿಕ್ ಸಾಗರದ ಸಮಭಾಜಕ ಭಾಗವನ್ನು ಬಿಸಿಯಾಗಿಸುವ ಎಲ್ ನಿನೊ ಮುಂಗಾರನ್ನು ದುರ್ಬಲಗೊಳಿಸಬಲ್ಲದು. ಅದೇ ಸಾಗರದಲ್ಲಿ ಎರಡು-ಮೂರು ದಶಕ ಉಳಿಯುವ ನಿಧಾನಗತಿಯ ಏರಿಳಿತವೂ ಉಂಟು. ಎರಡರ ಬಿಸಿ ಹಂತಗಳು ಕೂಡಿದಾಗ ಭಾರತದಲ್ಲಿ ಬರದ ಅಪಾಯ ಹೆಚ್ಚುತ್ತದೆ. ಆದರೆ ಇದು ಕಟ್ಟುನಿಟ್ಟಾದ ನಿಯಮವಲ್ಲ: 1997ರಲ್ಲಿ ಪ್ರಬಲ ಎಲ್ ನಿನೊ ಇದ್ದರೂ ದೇಶದಲ್ಲಿ ಸಾಧಾರಣ ಮಳೆಯಾಯಿತು.

ನದಿನೀರಿನ ಹಂಚಿಕೆಯಲ್ಲಿ ಈ ಪ್ರಶ್ನೆ ಇನ್ನಷ್ಟು ಗಂಭೀರ. ನೂರರಲ್ಲಿ 75 ವರ್ಷ ಕೃಷ್ಣಾ ಕೊಳ್ಳದಲ್ಲಿ ದೊರೆಯುವ ನೀರು 2,060 ಟಿಎಂಸಿ ಅಡಿ ಎಂದು ಬಚಾವತ್ ನ್ಯಾಯಮಂಡಳಿ 1973ರಲ್ಲಿ ನಿರ್ಧರಿಸಿದ್ದು 78 ವರ್ಷಗಳ ದಾಖಲೆಯಿಂದ. 1961-62ರಿಂದ ಆರಂಭವಾಗುವ 47 ವರ್ಷಗಳ ದಾಖಲೆ ಆಧರಿಸಿದ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿಗೆ 2010ರಲ್ಲಿ ದೊರೆತ ಅಂಕಿ 2,173 ಟಿಎಂಸಿ ಅಡಿ. ಲೆಕ್ಕದ ಕ್ರಮದಲ್ಲೂ ವ್ಯತ್ಯಾಸವಿತ್ತು. ಆದರೂ ಯಾವ ವರ್ಷಗಳನ್ನು ಆಯ್ದುಕೊಳ್ಳುತ್ತೇವೆ ಎಂಬುದು ಎಷ್ಟು ನೀರಿದೆ ಎಂಬ ಉತ್ತರವನ್ನೇ ಬದಲಿಸಬಲ್ಲದು. ಸಮೃದ್ಧ ವರ್ಷಗಳನ್ನು ನಂಬಿ ಹಂಚಿದ ನೀರು ಶುಷ್ಕ ಘಟ್ಟದಲ್ಲಿ ಕಾಲುವೆಯ ಕೊನೆಯ ರೈತನನ್ನು ತಲುಪುವುದಿಲ್ಲ. ಬರದ ವರ್ಷಗಳನ್ನಷ್ಟೇ ನೋಡಿ ನದಿಪಾತ್ರದಲ್ಲಿ ಮನೆ ಕಟ್ಟಿದವರು ಪ್ರವಾಹಕ್ಕೆ ಸಿಲುಕುತ್ತಾರೆ.

ಕರ್ನಾಟಕಕ್ಕೆ ಎರಡೂ ಅನುಭವಗಳಿವೆ. 2019ರ ಬೇಸಿಗೆಯಲ್ಲಿ ಬರದಿಂದ ತತ್ತರಿಸಿದ್ದ ಉತ್ತರದ ಜಿಲ್ಲೆಗಳನ್ನು ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ನದಿಗಳು ಮುಳುಗಿಸಿದವು. 2023ರಲ್ಲಿ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು.

ಈ ಸಹಜ ಏರಿಳಿತದ ಮೇಲೆ ಈಗ ಜಾಗತಿಕ ತಾಪಮಾನ ಏರಿಕೆಯೂ ಸೇರಿಕೊಂಡಿದೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದು ಹಿಡಿದಿಡಬಲ್ಲ ತೇವಾಂಶ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಸುರಿಯುವ ಮಳೆ ಇನ್ನಷ್ಟು ರಭಸದ್ದಾಗುತ್ತದೆ. ಹೀಗಾಗಿ ಜಲಾಶಯವಿರಲಿ, ಬೆಳೆ ವಿಮೆಯಿರಲಿ, ಒಂದೇ ಸರಾಸರಿಯನ್ನು ನೆಚ್ಚದೆ ಏರಿಳಿತದ ಎರಡೂ ತುದಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅನಿವಾರ್ಯ.