ರಾಮನ್ ಪರಿಣಾಮಕ್ಕೂ ಕಡಲ ನೀಲಿಗೂ ಏನು ನಂಟು?

ಫೆಬ್ರುವರಿ ಮುಗಿಯುವ ಹೊತ್ತಿಗೆ ಶಾಲೆಗಳಲ್ಲಿ ಅದೇ ಭಾಷಣ: ಸಿ.ವಿ. ರಾಮನ್ ಹಡಗಿನಲ್ಲಿ ಬರುತ್ತಿದ್ದರು, ಕಡಲು ನೀಲಿಯಾಗಿ ಕಂಡಿತು, ನೊಬೆಲ್ ಬಂತು! ಕೇಳಲು ಚೆಂದ. ಆದರೆ ಏಳು ವರ್ಷದ ದುಡಿಮೆ ಈ ಕಥೆಯಲ್ಲಿ ಕಾಣೆಯಾಗಿದೆ.

ತಪ್ಪು ಕಲ್ಪನೆ: ಫೆಬ್ರುವರಿ 28 ರಾಮನ್ ಹುಟ್ಟಿದ ದಿನ.
ವಾಸ್ತವ: ಅವರು ಹುಟ್ಟಿದ್ದು 1888ರ ನವೆಂಬರ್ 7ರಂದು. ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನ 1928ರ ರಾಮನ್ ಪರಿಣಾಮದ ಶೋಧದ ನೆನಪಿಗೆ.

ತಪ್ಪು ಕಲ್ಪನೆ: ಶೋಧ ನಡೆದದ್ದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ.
ವಾಸ್ತವ: ನಡೆದದ್ದು ಕಲ್ಕತ್ತೆಯ ಬೌಬಜಾರ್ ಬೀದಿಯ ಪ್ರಯೋಗಶಾಲೆಯಲ್ಲಿ. ರಾಮನ್ ಟಾಟಾ ಇನ್‌ಸ್ಟಿಟ್ಯೂಟಿಗೆ ನಿರ್ದೇಶಕರಾಗಿ ಬಂದದ್ದು 1933ರಲ್ಲಿ. ಹಾಗಂತ ಬೆಂಗಳೂರಿಗೆ ಪಾಲೇ ಇಲ್ಲವೆನ್ನುವಂತಿಲ್ಲ. 1928ರ ಮಾರ್ಚ್ 16ರಂದು ಹೊಸ ಬೆಳಕಿನ ವಿಚಾರವನ್ನು ಅವರು ವಿಜ್ಞಾನಿಗಳ ಸಭೆಯ ಮುಂದೆ ವಿವರಿಸಿದ್ದು ಈ ಊರಿನಲ್ಲೇ.

ತಪ್ಪು ಕಲ್ಪನೆ: ವಿದೇಶದಲ್ಲಿ ಓದಿ ಬಂದು ಪ್ರೊಫೆಸರ್ ಆದರು.
ವಾಸ್ತವ: ಅವರದು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಎಂ.ಎ. ಆಮೇಲೆ ಹತ್ತು ವರ್ಷ ಸರ್ಕಾರದ ಹಣಕಾಸು ಇಲಾಖೆಯಲ್ಲಿ ಲೆಕ್ಕಪತ್ರದ ಕೆಲಸ. ಕಲ್ಕತ್ತೆಯಲ್ಲಿದ್ದಾಗ ಕಚೇರಿಗೆ ಮುಂಚೆ, ಕಚೇರಿ ಬಿಟ್ಟ ಮೇಲೆ ಪ್ರಯೋಗ. 1917ರಲ್ಲಿ ಸಂಬಳ ಇಳಿದರೂ ಕಲ್ಕತ್ತ ವಿಶ್ವವಿದ್ಯಾಲಯದ ಪಾಲಿತ್ ಪ್ರೊಫೆಸರ್ ಹುದ್ದೆಗೆ ಸೇರಿದರು.

ತಪ್ಪು ಕಲ್ಪನೆ: ಎಲ್ಲ ಒಬ್ಬರದೇ ಸಾಧನೆ.
ವಾಸ್ತವ: ನೊಬೆಲ್ 1930ರಲ್ಲಿ ಒಬ್ಬರಿಗೇ ಸಂದಿತು, ನಿಜ. ಆದರೆ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾದ ಮೊದಲ ಪತ್ರದಲ್ಲಿ ಶಿಷ್ಯ ಕೆ.ಎಸ್. ಕೃಷ್ಣನ್ ಹೆಸರೂ ಇದೆ. ಅದೇ ಸಮಯಕ್ಕೆ ಮಾಸ್ಕೋದಲ್ಲಿ ವಿಜ್ಞಾನಿಗಳಾದ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಸ್ಫಟಿಕಗಳಲ್ಲಿ ಇದೇ ಪರಿಣಾಮವನ್ನು ಕಂಡಿದ್ದರು.

ತಪ್ಪು ಕಲ್ಪನೆ: ರಾಮನ್ ಅಂದರೆ ಬೆಳಕು ಮಾತ್ರ.
ವಾಸ್ತವ: ಬೆಳಕಿಗಿಂತ ಮುಂಚೆ ಅವರನ್ನು ಹಿಡಿದದ್ದು ನಾದ. ಪಿಟೀಲು, ವೀಣೆ, ತಂಬೂರಿ ಎಲ್ಲವನ್ನೂ ಪರೀಕ್ಷಿಸಿದರು. ಸಾಮಾನ್ಯ ಡೋಲಿನ ಚರ್ಮ ಬಡಿದರೆ ಹೊರಡುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ, ಸದ್ದಾಗುತ್ತದೆ, ಸ್ವರವಾಗುವುದಿಲ್ಲ. ಮೃದಂಗದ ಬಲಗಡೆ ನಡುವೆ ಮೆತ್ತುವ ಕಪ್ಪು ಕರಣೆಯ ಭಾರ ಆ ಉಪಸ್ವರಗಳನ್ನು ಶ್ರುತಿಗೆ ತರುತ್ತದೆ ಎಂದು ರಾಮನ್ 1920ರಲ್ಲೇ ತೋರಿಸಿದರು. ಮೃದಂಗ ಮಾಡುವವರ ಕೈಗೆ ಗೊತ್ತಿದ್ದದ್ದು ಹೀಗೆ ಭೌತಶಾಸ್ತ್ರದ ಪುಟ ಸೇರಿತು. ಮುಂದೆ ಬೆಂಗಳೂರಿನಲ್ಲಿ ವಜ್ರ, ಹೂವಿನ ಬಣ್ಣಗಳ ಬೆನ್ನು ಹತ್ತಿದರು.

ತಪ್ಪು ಕಲ್ಪನೆ: ಕಡಲು ನೀಲಿಯಾಗಿರುವುದು ರಾಮನ್ ಪರಿಣಾಮದಿಂದ.
ವಾಸ್ತವ: ಅಲ್ಲ. ನೀರು ಕೆಂಪು ಬೆಳಕನ್ನು ಹೆಚ್ಚು ಹೀರಿಕೊಳ್ಳುತ್ತದೆ. ಉಳಿದ ನೀಲಿ ಚದುರಿ ನಮ್ಮ ಕಣ್ಣಿಗೆ ಮರಳುತ್ತದೆ. ರಾಮನ್ ಪರಿಣಾಮವೇ ಬೇರೆ: ಅಣುಗಳಿಗೆ ತಗುಲಿ ಚದುರುವ ಬೆಳಕಿನಲ್ಲಿ ತೀರಾ ಅಲ್ಪ ಪಾಲು ತನ್ನ ಬಣ್ಣವನ್ನೇ ಬದಲಿಸಿಕೊಳ್ಳುತ್ತದೆ. ಅಷ್ಟು ಮಂಕಾದದ್ದು ಕಡಲಿಗೆ ಬಣ್ಣ ಬಳಿಯಲಾರದು.

ಹಾಗಾದರೆ 1921ರ ಹಡಗು ಸುಳ್ಳೇ? ಅದು ನಿಜ. ಕಡಲು ನೀಲಿ ಕಾಣುವುದು ಆಕಾಶದ ಪ್ರತಿಫಲನದಿಂದ ಎಂಬ ಭೌತವಿಜ್ಞಾನಿ ರೇಲಿಯ ಮಾತನ್ನು ರಾಮನ್ ಅಲ್ಲಿ ಪ್ರತಿಫಲನದ ಹೊಳಪನ್ನು ತಡೆಯಬಲ್ಲ ಸಣ್ಣದೊಂದು ನಿಕೋಲ್ ಪ್ರಿಸಂ ಹಿಡಿದು ಪರೀಕ್ಷಿಸಿದರು. ಪ್ರತಿಫಲನ ಅಡಗಿತು, ನೀಲಿ ಉಳಿಯಿತು. ಬೆಳಕು ಚದುರುವ ಬಗೆಯನ್ನು ಪಟ್ಟು ಹಿಡಿದು ನೋಡುವ ಕೆಲಸ ಅಲ್ಲಿಂದ ಜೋರಾಯಿತು.

ನೀವೂ ನೋಡಬಹುದು. ಮಲ್ಪೆಗೋ ಕಾರವಾರಕ್ಕೋ ಹೋದಾಗ ಪೋಲರಾಯ್ಡ್ ಕನ್ನಡಕ ಹಾಕಿ ಕಡಲನ್ನು ಓರೆಯಾಗಿ ದಿಟ್ಟಿಸಿ. ಮೇಲಿನ ಹೊಳಪು ತಗ್ಗುತ್ತದೆ. ನೀರಿನ ಸ್ವಂತ ಬಣ್ಣ ಉಳಿಯುತ್ತದೆ.