ಹಳ್ಳಿಮನೆ ಪ್ರವಾಸಿಗೆ ಬಾಗಿಲು ತೆರೆಯುವುದೇಕೆ?

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಕುಟುಂಬಗಳು ವಾರಾಂತ್ಯಕ್ಕೆ ಊರು ಬಿಡುವಾಗ ಹಿಡಿಯುವುದು ಬಹುತೇಕ ಪಶ್ಚಿಮದ ದಾರಿಗಳನ್ನೇ. ಕೆಂಗೇರಿ ದಾಟಿದ ಮೈಸೂರು ರಸ್ತೆ ರಾಮನಗರ, ಚನ್ನಪಟ್ಟಣಗಳ ಮೂಲಕ ಕೊಡಗಿನ ಕಡೆಗೂ, ಮಾಗಡಿ ರಸ್ತೆ ಸಾವನದುರ್ಗದ ಕಡೆಗೂ, ನೆಲಮಂಗಲದಲ್ಲಿ ಕವಲೊಡೆಯುವ ಹೆದ್ದಾರಿ ಹಾಸನ, ಚಿಕ್ಕಮಗಳೂರುಗಳ ಕಡೆಗೂ ಅವರನ್ನು ಒಯ್ಯುತ್ತವೆ. ಈ ದಾರಿಗಳ ಹಳ್ಳಿಗಳಲ್ಲಿ ಒಂದು ಮನೆ ಬಂದವರಿಗೆ ಕೋಣೆ ಕೊಟ್ಟು, ಊಟ ಹಾಕಿ, ತಾನು ಬೆಳೆದ ಮೆಣಸನ್ನೋ ಜೇನನ್ನೋ ಮಾರುತ್ತದೆ. ಅಷ್ಟೇ ಜಮೀನಿರುವ ಪಕ್ಕದ ಮನೆ ಆ ಗೊಡವೆಗೇ ಹೋಗುವುದಿಲ್ಲ. ಈ ವ್ಯತ್ಯಾಸಕ್ಕೆ ನಗರದ ಮಾತುಕತೆಯಲ್ಲಿ ಕೆಲವು ಸಿದ್ಧ ಉತ್ತರಗಳಿದ್ದು, ಅವುಗಳಲ್ಲಿ ಹೆಚ್ಚಿನವು ಅರ್ಧಸತ್ಯಗಳು, ಒಂದೆರಡು ಪೂರ್ತಿ ತಪ್ಪು. ಅವುಗಳನ್ನು ಪರಿಶೀಲಿಸುವ ಮೊದಲು ಒಂದು ಪದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಇಲ್ಲಿ ‘ಕುಟುಂಬ’ವೆಂದರೆ ಒಂದೇ ಒಲೆಯ ಅಡುಗೆ ಉಂಡು, ಜಮೀನು, ದುಡಿಮೆ ಮತ್ತು ಸಾಲಗಳನ್ನು ಹಂಚಿಕೊಂಡು ಬಾಳುವ ಆರ್ಥಿಕ ಘಟಕ, ಪ್ರವಾಸೋದ್ಯಮಕ್ಕೆ ಇಳಿಯುವ ತೀರ್ಮಾನ ಹುಟ್ಟುವುದು ಈ ಘಟಕದೊಳಗೆ.

‘ಬೇಸಾಯ ಕೈಬಿಟ್ಟವರೇ ಹೋಮ್‌ಸ್ಟೇ ನಡೆಸುತ್ತಾರೆ’

ಎಲ್ಲಕ್ಕಿಂತ ವ್ಯಾಪಕವಾಗಿರುವ ಈ ನಂಬಿಕೆ ಮೇಲ್ನೋಟಕ್ಕೆ ನಿಜವೆನಿಸುವುದಕ್ಕೆ ಕಾರಣವಿದೆ. ಕೊಡಗು ಮತ್ತು ಚಿಕ್ಕಮಗಳೂರುಗಳಲ್ಲಿ ಹೋಮ್‌ಸ್ಟೇಗಳು ಬೆಳೆದ ಕಾಲವೂ ಕಾಫಿ ಬೆಳೆಗಾರರು ಕಂಗೆಟ್ಟ ಕಾಲವೂ ಹೆಚ್ಚುಕಡಿಮೆ ಒಂದೇ. ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ವ್ಯವಸ್ಥೆ 1989ರಲ್ಲಿ ಕುಸಿಯಿತು. ಬೆಳೆದದ್ದನ್ನೆಲ್ಲ ಕಾಫಿ ಮಂಡಳಿಯ ಸಾಮೂಹಿಕ ಸಂಗ್ರಹಕ್ಕೆ ಒಪ್ಪಿಸಿ ಕಂತುಗಳಲ್ಲಿ ಹಣ ಪಡೆಯುತ್ತಿದ್ದ ಪೂಲ್ ಪದ್ಧತಿ 1996ರ ಹೊತ್ತಿಗೆ ಪೂರ್ಣವಾಗಿ ಕಳಚಿತು. ಆ ಬಳಿಕ ಒಂದೆರಡು ವರ್ಷ ಚೆನ್ನಾಗಿದ್ದ ಬೆಲೆ, ವಿಯೆಟ್ನಾಮಿನ ರೊಬಸ್ಟಾ ಕಾಫಿ ಮಾರುಕಟ್ಟೆಗೆ ತುಂಬಿ ಬಂದಂತೆ ಇಳಿಯತೊಡಗಿ, 2001–02ರ ವೇಳೆಗೆ ಹಲವು ದಶಕಗಳಲ್ಲೇ ಕನಿಷ್ಠ ಮಟ್ಟ ಮುಟ್ಟಿತು. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟನ್ನು ಬೆಳೆಯುವ ಕರ್ನಾಟಕಕ್ಕೆ, ಅದರಲ್ಲೂ 10 ಹೆಕ್ಟೇರಿಗಿಂತ ಕಡಿಮೆ ಹಿಡುವಳಿಯ ಸಣ್ಣ ಬೆಳೆಗಾರರಿಗೆ, ಈ ಪೆಟ್ಟು ನೇರವಾಗಿ ತಗುಲಿತು. ಓದಲೋ ಉದ್ಯೋಗಕ್ಕೋ ಮಕ್ಕಳು ಬೆಂಗಳೂರಿಗೆ ಹೋಗಿ ಖಾಲಿಯಾಗಿದ್ದ ಕೋಣೆಗಳಿಗೆ ಆಗಲೇ ಹೊಸ ಉಪಯೋಗ ಕಂಡಿತು.

ಆದರೆ ಸಂಕಟ ಬಂದದ್ದರಿಂದ ಬೇಸಾಯ ಬಿಟ್ಟರು ಎಂಬ ತೀರ್ಮಾನ ಇದರಿಂದ ಹೊರಡುವುದಿಲ್ಲ. ತೋಟ ಮಾರಿ ಹೋಗಬಹುದಾಗಿದ್ದವರು ಮಾರದೆ ಉಳಿಯಲು ಹುಡುಕಿಕೊಂಡ ಊರುಗೋಲು ಹೋಮ್‌ಸ್ಟೇ. ಅತಿಥಿಯಿಂದ ಬಂದ ಹಣ ತೋಟದ ಆಳಿನ ಕೂಲಿಗೆ, ಗೊಬ್ಬರಕ್ಕೆ, ಬ್ಯಾಂಕಿನ ಕಂತಿಗೆ ಹೋಗುವ ಮನೆಗಳಲ್ಲಿ ಪ್ರವಾಸೋದ್ಯಮ ಬೇಸಾಯಕ್ಕೆ ಬದಲಿಯಾಗಿಲ್ಲ, ಅದರ ಖರ್ಚನ್ನು ಹೊರುವ ಉಪಕಸುಬಾಗಿದೆ. ಸಂಕಟವೊಂದೇ ಕಾರಣವಾಗಿದ್ದಲ್ಲಿ, 2024ರಲ್ಲಿ ರೊಬಸ್ಟಾ ಬೆಲೆ ದಾಖಲೆ ಮಟ್ಟಕ್ಕೇರಿದಾಗ ಹೋಮ್‌ಸ್ಟೇಗಳು ಸಾಲುಸಾಲಾಗಿ ಮುಚ್ಚಬೇಕಿತ್ತು, ಹಾಗೇನೂ ಆಗಲಿಲ್ಲ. ಏರಿದ ಬೆಲೆ ಇಳಿಯುವುದನ್ನು ಒಮ್ಮೆ ಕಂಡುಂಡ ಮನೆ ಎರಡನೆಯ ಆದಾಯವನ್ನು ಸುಲಭಕ್ಕೆ ಬಿಡುವುದಿಲ್ಲ.

ಬೇಸಾಯಕ್ಕೂ ಅತಿಥಿಗೂ ಇರುವ ಈ ನಂಟನ್ನು ಕಾನೂನಿನಲ್ಲೇ ಬರೆದಿಟ್ಟ ದೇಶ ಇಟಲಿ. ಅಲ್ಲಿಯ ಕಾಯಿದೆಯ ಪ್ರಕಾರ 1985ರಿಂದಲೂ ಕೃಷಿ ಪ್ರವಾಸೋದ್ಯಮ ನಡೆಸುವ ಹಕ್ಕು ಕೃಷಿಕರದು, ಮತ್ತು ಅತಿಥಿ ಸತ್ಕಾರವು ಬೇಸಾಯಕ್ಕೆ ಪೂರಕವಾಗಿರಬೇಕೇ ಹೊರತು ಅದನ್ನು ಮೀರುವಂತಿಲ್ಲ. ಭಾರತದ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ತನ್ನ ಹೋಮ್‌ಸ್ಟೇ ಮಾನ್ಯತೆಗೆ ವಿಧಿಸಿರುವ ಷರತ್ತು ಬೇರೆ ಬಗೆಯದು: ಬಾಡಿಗೆಗೆ ಕೊಡುವ ಕೋಣೆ ಗರಿಷ್ಠ 6, ಹಾಸಿಗೆ 12, ಮಾಲೀಕರ ಕುಟುಂಬ ಅದೇ ಮನೆಯಲ್ಲಿ ವಾಸವಾಗಿರಬೇಕು. ಈ ಕೊನೆಯ ಷರತ್ತನ್ನು ಗಟ್ಟಿಯಾಗಿ ಹಿಡಿದರೆ, ಬೆಂಗಳೂರಿನವರು ತೋಟದ ಮನೆಯನ್ನು ಗುತ್ತಿಗೆಗೆ ಹಿಡಿದು ಮ್ಯಾನೇಜರ್ ಇಟ್ಟು ನಡೆಸುವ, ಹೋಮ್‌ಸ್ಟೇ ಎಂದೇ ಬೋರ್ಡು ಹಾಕಿಕೊಂಡಿರುವ ವಸತಿಗಳು ಗ್ರಾಮೀಣ ಕುಟುಂಬದ ಪಾಲ್ಗೊಳ್ಳುವಿಕೆಯ ಲೆಕ್ಕಕ್ಕೆ ಬರುವುದೇ ಇಲ್ಲ.

‘ಎಲ್ಲವೂ ದುಡ್ಡಿಗಾಗಿ’

ಈ ವಿಷಯವನ್ನು ಅಧ್ಯಯನ ಮಾಡಿದ ವಿದ್ವಾಂಸರೂ ಒಂದೇ ಉತ್ತರ ಕೊಟ್ಟಿಲ್ಲ. ಅಮೆರಿಕದ ಮೊಂಟಾನಾ ರಾಜ್ಯದ ಕೃಷಿ ಕುಟುಂಬಗಳನ್ನು ಕುರಿತು ನಿಕರ್ಸನ್, ಬ್ಲ್ಯಾಕ್ ಮತ್ತು ಮೆಕೂಲ್ 2001ರಲ್ಲಿ ಪ್ರಕಟಿಸಿದ ಅಧ್ಯಯನ ಆರ್ಥಿಕ ಕಾರಣಗಳನ್ನೇ ಮುಂದಿಟ್ಟಿತು. ಪಶ್ಚಿಮ ಆಸ್ಟ್ರೇಲಿಯದ ಗ್ರಾಮೀಣ ಆತಿಥ್ಯೋದ್ಯಮಗಳನ್ನು ಕುರಿತ ಗೆಟ್ಜ್ ಮತ್ತು ಕಾರ್ಲ್‌ಸೆನ್ ಅವರ 2000ದ ಅಧ್ಯಯನ ತಮಗಿಷ್ಟವಾದ ಬದುಕಿನ ರೀತಿ ಮತ್ತು ಕುಟುಂಬದ ಗುರಿಗಳಿಗೆ ಲಾಭಕ್ಕಿಂತ ಹೆಚ್ಚಿನ ತೂಕ ಕಂಡಿತು. ಇವೆರಡನ್ನು ಪರಸ್ಪರ ವಿರುದ್ಧವೆಂದು ಓದುವ ಬದಲು, ಯಾವ ಬಗೆಯ ದುಡ್ಡು, ಯಾವಾಗ ಬರುವ ದುಡ್ಡು ಎಂದು ಕೇಳುವುದು ಹೆಚ್ಚು ಪ್ರಯೋಜನಕರ.

ಮಲೆನಾಡಿನ ಅಡಿಕೆ ಅಥವಾ ಕಾಫಿ ಬೆಳೆಗಾರರ ಮನೆಗೆ ಫಸಲಿನ ಹಣ ವರ್ಷಕ್ಕೊಮ್ಮೆ, ಅದೂ ಕೊಯ್ಲು, ಒಣಗಿಸುವಿಕೆ, ಮಾರಾಟಗಳೆಲ್ಲ ಮುಗಿದ ಮೇಲೆ ಬರುತ್ತದೆ. ಖರ್ಚು ಮಾತ್ರ ವಾರವಾರವೂ ಇರುತ್ತದೆ. ನಡುವಿನ ತಿಂಗಳುಗಳಲ್ಲಿ ಮಂಡಿಯಿಂದಲೋ ಸೊಸೈಟಿಯಿಂದಲೋ ಮುಂಗಡ ತಂದು ಸಂಸಾರ ತೂಗಿಸುವುದು ಹಳೆಯ ರೂಢಿ. ಎರಡು ಕೋಣೆಯ ಹೋಮ್‌ಸ್ಟೇ ಒಟ್ಟು ಆದಾಯದಲ್ಲಿ ತೋಟಕ್ಕೆ ಸಾಟಿಯಾಗದಿದ್ದರೂ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಳೆ ಮತ್ತು ಜಲಪಾತ ನೋಡಲು ಜನ ಬರುವ ಕಾಲದಲ್ಲಿ, ಕೈಗೆ ನಗದು ಕೊಟ್ಟು ಆ ಮುಂಗಡದ ಅವಲಂಬನೆಯನ್ನು ತಗ್ಗಿಸುತ್ತದೆ. ಹೀಗೆ ಕುಟುಂಬವನ್ನು ಸೆಳೆಯುವುದು ಮೊತ್ತಕ್ಕಿಂತ ಹೆಚ್ಚಾಗಿ ಹಣ ಬರುವ ಹೊತ್ತು.

ಇದಲ್ಲದೆ, ದುಡ್ಡಿನ ಲೆಕ್ಕಕ್ಕೆ ಸಿಗದ ಕಾರಣಗಳೂ ಇವೆ. ಮಕ್ಕಳು ಊರು ಬಿಟ್ಟ ದೊಡ್ಡ ಮನೆಯಲ್ಲಿ ಉಳಿದ ವಯಸ್ಸಾದ ದಂಪತಿಗೆ ವಾರಕ್ಕೊಮ್ಮೆಯಾದರೂ ಜಗಲಿಯಲ್ಲಿ ಮಾತಿನ ಸದ್ದು ಕೇಳುವುದು ಬೇಕಾಗಿರುತ್ತದೆ. ಇದನ್ನು ಭಾವುಕತೆಯೆಂದು ತಳ್ಳಿಹಾಕುವಂತಿಲ್ಲ. ನಷ್ಟವಾದ ವರ್ಷವೂ ಬಾಗಿಲು ಮುಚ್ಚದೆ ನಡೆಸಿಕೊಂಡು ಹೋಗುವ ಮನೆಗಳ ನಡತೆಯನ್ನು ಲಾಭದ ಲೆಕ್ಕವೊಂದೇ ವಿವರಿಸಲಾರದು.

‘ಮನೆಯವರೆಲ್ಲ ಕೂಡಿ ಮಾಡಿದ ತೀರ್ಮಾನ’

ಸಮೀಕ್ಷೆ ಮಾಡುವವರು ಮನೆಗೆ ಬಂದಾಗ ಉತ್ತರ ಕೊಡುವುದು ಸಾಮಾನ್ಯವಾಗಿ ಮನೆಯ ಯಜಮಾನ. ಆತನ ಉತ್ತರ ಇಡೀ ಕುಟುಂಬದ ಉತ್ತರವೆಂದು ದಾಖಲಾಗುತ್ತದೆ. ಅಧ್ಯಯನಗಳಲ್ಲಿ ಇದಕ್ಕಿಂತ ದೊಡ್ಡ ದೋಷವಿಲ್ಲ. ಒಂದೇ ಒಲೆಯ ಸುತ್ತ ಇರುವವರಿಗೂ ಬೇರೆಬೇರೆ ಉದ್ದೇಶಗಳಿರುತ್ತವೆ.

ಡಿಸೆಂಬರಿನ ಕೊನೆಯ ವಾರದ ಒಂದು ಕಾಫಿ ತೋಟದ ಮನೆಯನ್ನು ಉದಾಹರಣೆಗೆ ತೆಗೆದುಕೊಂಡರೆ ಇದು ಸ್ಪಷ್ಟವಾಗುತ್ತದೆ. ಅರೇಬಿಕಾ ಕೊಯ್ಲು ಭರದಿಂದ ಸಾಗಿರುತ್ತದೆ. ಕೊಯ್ದ ಹಣ್ಣನ್ನು ಅಂದೇ ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸದಿದ್ದರೆ ಗುಣಮಟ್ಟ ಕೆಡುವುದರಿಂದ ಸಂಜೆಯ ಕೆಲಸ ರಾತ್ರಿಗೆ ಚಾಚುತ್ತದೆ, ಕಣದಲ್ಲಿ ಹರವಿದ್ದನ್ನು ಹಗಲೆಲ್ಲ ಕೆದಕಿ, ಇಬ್ಬನಿ ಬೀಳುವ ಮುನ್ನ ರಾಶಿ ಮಾಡಿ ಟಾರ್ಪಾಲು ಮುಚ್ಚಬೇಕಾಗುತ್ತದೆ. ಅದೇ ವಾರ ಕ್ರಿಸ್ಮಸ್ ಮತ್ತು ಹೊಸವರ್ಷದ ರಜೆಗೆ ಕೋಣೆಗಳೆಲ್ಲ ಬುಕ್ ಆಗಿರುತ್ತವೆ. ಬೆಳಗಿನ ಅಕ್ಕಿರೊಟ್ಟಿ, ಸ್ನಾನಕ್ಕೆ ಬಿಸಿನೀರು, ಮಧ್ಯಾಹ್ನದ ಊಟ, ರಾತ್ರಿ ಬೆಂಕಿಯ ಸುತ್ತ ಕುಳಿತವರಿಗೆ ಹೊತ್ತು ಮೀರಿದ ಅಡುಗೆ, ಮರುದಿನ ಒಗೆಯಬೇಕಾದ ಹಾಸುಹೊದಿಕೆ ಇವೆಲ್ಲ ಯಾರ ಪಾಲಿಗೆ ಬರುತ್ತವೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಅತಿಥಿ ಹೊಗಳುವ ‘ಮನೆಯೂಟ’ಕ್ಕೆ ಕೂಲಿಯ ಲೆಕ್ಕವಿಲ್ಲದ ಕಾರಣ ಹೋಮ್‌ಸ್ಟೇ ಕಾಗದದ ಮೇಲೆ ಲಾಭದಾಯಕವಾಗಿ ಕಾಣುತ್ತದೆ.

ಹಾಗೆಂದು ಹೆಂಗಸರು ಕೇವಲ ಹೊರೆ ಹೊತ್ತವರೆಂದೂ ತೀರ್ಮಾನಿಸಲಾಗದು. ಫಸಲಿನ ಹಣ ಗಂಡಸರ ಖಾತೆಗೆ ಹೋಗುವ ಮನೆಗಳಲ್ಲಿ, ಅತಿಥಿಗಳಿಗೆ ಮಾರಿದ ಉಪ್ಪಿನಕಾಯಿ, ಜೇನು, ಕೊಡಗಿನ ಹುಳಿಸಾರವಾದ ಕಾಚಂಪುಳಿಗಳ ಹಣ ಅವರ ಕೈಯಲ್ಲೇ ಉಳಿಯುವ ಸಾಧ್ಯತೆ ಇದ್ದು, ಆ ಸ್ವಂತ ನಗದೇ ಅವರನ್ನು ಈ ಕೆಲಸಕ್ಕೆ ಒಪ್ಪಿಸುವ ಬಲವಾದ ಕಾರಣವಾಗುತ್ತದೆ. ತುಂಗಭದ್ರೆಯ ದಡದ ಆನೆಗೊಂದಿಯಲ್ಲಿ 1997ರಿಂದ ಕೆಲಸ ಮಾಡುತ್ತಿರುವ ಕಿಷ್ಕಿಂದಾ ಟ್ರಸ್ಟ್ ಬಾಳೆನಾರಿನ ಕರಕುಶಲ ವಸ್ತುಗಳ ತಯಾರಿಕೆಯಲ್ಲಿ ಹೆಂಗಸರನ್ನು ತೊಡಗಿಸಿದ್ದು, ಹಂಪಿ ನೋಡಲು ಬಂದವರ ಹಣದ ಒಂದು ಪಾಲು ಕೋಣೆ ಬಾಡಿಗೆಯ ಹಂಗಿಲ್ಲದೆ ಅವರನ್ನು ತಲುಪುವ ದಾರಿಯನ್ನು ತೋರಿಸಿದೆ. ಕಿರಿಯರ ಉದ್ದೇಶ ಮತ್ತೂ ಬೇರೆ: ಬೆಂಗಳೂರಿನ ಸಂಬಳ ಬಿಟ್ಟು ಊರಿಗೆ ಮರಳಿದ ಮಗನಿಗೆ ಹೋಮ್‌ಸ್ಟೇ ಎಂಬುದು ಮರಳಿದ್ದಕ್ಕೆ ಸಮರ್ಥನೆ.

‘ರಸ್ತೆ ಬಂದರೆ, ಪಾರ್ಕು ಬಂದರೆ ಹಳ್ಳಿ ತಾನಾಗಿ ತೊಡಗುತ್ತದೆ’

ಕೆಂಗೇರಿಯ ಆಚೆಗಿನ ಹಳ್ಳಿಗಳು ಈ ನಂಬಿಕೆಗೆ ತಕ್ಕ ಉತ್ತರ ಕೊಡುತ್ತವೆ. ಬಿಡದಿಯ ಬಳಿ ವಂಡರ್‌ಲಾ ಮನರಂಜನಾ ಪಾರ್ಕು 2005ರಿಂದ ನಡೆಯುತ್ತಿದೆ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ, 1975ರಲ್ಲಿ ತೆರೆಕಂಡ ‘ಶೋಲೆ’ಯಿಂದ ಅಲ್ಲಿಯ ಬಂಡೆಗಳು ದೇಶಕ್ಕೆಲ್ಲ ಪರಿಚಿತ, ಕೇತೋಹಳ್ಳಿಯ ದೊಡ್ಡ ಆಲದಮರ ಸುಮಾರು 3 ಎಕರೆಗೆ ಹರಡಿ ನಿಂತಿದೆ. ಜನರಿಗೆ ಕೊರತೆಯಿಲ್ಲ. ಆದರೂ ಸುತ್ತಲಿನ ಕೃಷಿ ಕುಟುಂಬಗಳ ಪಾಲು ಎಳನೀರು, ಸೌತೆಕಾಯಿ, ಸುಟ್ಟ ಜೋಳಗಳ ಗಾಡಿಗಿಂತ ಆಚೆ ಹೋದದ್ದು ಕಡಿಮೆ. ಪ್ರವಾಸಿ ಖರ್ಚು ಮಾಡಿದ ಹಣ ಸ್ಥಳದಲ್ಲಿ ಉಳಿಯದೆ ಹೊರಗಿನ ಕಂಪನಿಗಳಿಗೂ ಪೂರೈಕೆದಾರರಿಗೂ ಹರಿದುಹೋಗುವುದನ್ನು ಅರ್ಥಶಾಸ್ತ್ರದಲ್ಲಿ ‘ಸೋರಿಕೆ’ ಎನ್ನುತ್ತಾರೆ. ಟಿಕೆಟ್ಟು, ಊಟ, ಆಟಗಳೆಲ್ಲ ಒಂದೇ ಗೇಟಿನೊಳಗೆ ಮುಗಿಯುವ ಕಡೆ ಅದು ಹೆಚ್ಚು.

ಇಲ್ಲಿಯ ಕುಟುಂಬಗಳು ದೂರ ಉಳಿಯುವುದಕ್ಕೆ ಇನ್ನೂ ಬಲವಾದ ಕಾರಣ ಭೂಮಿಯ ಬೆಲೆ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದನ್ನು ತಡೆಯುತ್ತಿದ್ದ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಮುಗಳನ್ನು ರಾಜ್ಯ 2020ರಲ್ಲಿ ತೆಗೆದುಹಾಕಿತು. ಬಡಾವಣೆಗಳು ಹೊಲದ ಬದುವಿನವರೆಗೆ ಬಂದು ನಿಂತಿರುವಾಗ, ಎರಡು ಎಕರೆಯ ಒಡೆಯನಿಗೆ ಪ್ರವಾಸಿಗೆ ಕೋಣೆ ಕಟ್ಟುವುದಕ್ಕಿಂತ ಒಳ್ಳೆಯ ಬೆಲೆ ಬರುವವರೆಗೆ ಕಾಯುವುದೇ ಲಾಭವೆನಿಸುತ್ತದೆ. ಸಕಲೇಶಪುರದಲ್ಲಿ ಜಮೀನು ಉಳಿಸಿಕೊಳ್ಳುವ ಸಾಧನವಾಗುವ ಪ್ರವಾಸೋದ್ಯಮ ಕೆಂಗೇರಿಯಾಚೆಯ ಕುಂಬಳಗೋಡಿನಲ್ಲಿ ಆ ಕೆಲಸಕ್ಕೆ ಬಾರದಿರುವುದು ಇದರಿಂದಲೇ.

ರಸ್ತೆ ಕೊಡುವಂತೆ ಕಸಿಯಲೂ ಬಲ್ಲದು. 2023ರ ಮಾರ್ಚ್ 12ರಂದು ಲೋಕಾರ್ಪಣೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬೈಪಾಸ್ ಮಾಡಿತು. ತಟ್ಟೆ ಇಡ್ಲಿ, ಮದ್ದೂರು ವಡೆಗಳ ಹೋಟೆಲುಗಳ ಜತೆಗೆ ಚನ್ನಪಟ್ಟಣದ ಹಳೆಯ ಹೆದ್ದಾರಿಯ ಬೊಂಬೆ ಅಂಗಡಿಗಳೂ ದಾರಿಹೋಕ ಗಿರಾಕಿಗಳನ್ನು ಕಳೆದುಕೊಂಡವು. ಆ ಅಂಗಡಿಗಳಿಗಾಗಿ ಗಲ್ಲಿಗಳ ಮನೆಗಳಲ್ಲಿ ಆಲೆಮರ ಕಡೆದು ಅರಗಿನ ಬಣ್ಣ ಕೊಡುವ ಕುಟುಂಬಗಳ ಪಾಲಿಗೆ ಅದು ಆರ್ಡರಿನ ಪ್ರಶ್ನೆಯಾಯಿತು.

‘ಮುಂದೆ ಬಾರದವರಿಗೆ ತಿಳಿವಳಿಕೆ ಸಾಲದು’

ದೂರ ಉಳಿದವರಿಗೆ ತರಬೇತಿ ಕೊಟ್ಟರೆ ಸಾಕು ಎಂಬ ಸರ್ಕಾರಿ ವಿಶ್ವಾಸದ ಹಿಂದಿರುವುದು ಈ ಕಲ್ಪನೆ. ಆದರೆ 2018ರ ಆಗಸ್ಟಿನ ಭೂಕುಸಿತದ ನಂತರ ಕೊಡಗಿಗೆ ಪ್ರವಾಸಿಗರು ಬಾರದಂತೆ ಆಡಳಿತ ಕೆಲವು ವಾರ ತಡೆದಾಗ, ಮತ್ತೆ 2020ರ ಲಾಕ್‌ಡೌನ್ ಕಾಲದಲ್ಲಿ, ಕೋಣೆ ಕಟ್ಟಲು ಸಾಲ ಮಾಡಿದ ಮನೆಗಳು ಪಟ್ಟ ಪಾಡನ್ನು ಕಂಡ ನೆರೆಯವರು ಹಿಂಜರಿದರೆ ಅದು ಅಜ್ಞಾನವಲ್ಲ. ಮಂಚನಬೆಲೆ ಜಲಾಶಯದಂಥ ಕಡೆ ಬಾಟಲಿ, ಪ್ಲಾಸ್ಟಿಕ್ಕುಗಳನ್ನು ಬಿಟ್ಟು ಹೋಗುವವರನ್ನು ವರ್ಷಗಟ್ಟಲೆ ನೋಡಿದ ಹಳ್ಳಿಗೆ ಪ್ರವಾಸಿಯ ಬಗ್ಗೆ ತಿಳಿವಳಿಕೆ ಸಾಕಷ್ಟಿದೆ. ಲಾಭ, ನಷ್ಟಗಳನ್ನು ತೂಗಿದ ಮೇಲೆಯೇ ಜನ ಪ್ರವಾಸೋದ್ಯಮಕ್ಕೆ ಬೆಂಬಲ ಕೊಡುತ್ತಾರೆನ್ನುವ ‘ಸಾಮಾಜಿಕ ವಿನಿಮಯ ಸಿದ್ಧಾಂತ’ಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಬೇಕಿಲ್ಲ.

ತೊಡಗಬೇಕೆಂದರೂ ಆಗದವರು ಬೇರೆಯೇ ಇದ್ದಾರೆ. ಕೊಡಗಿನ ಐನ್‌ಮನೆ, ಅಂದರೆ ಕುಲದ ಮೂಲಮನೆ, ಇಡೀ ಒಕ್ಕಕ್ಕೆ (ಕುಲಕ್ಕೆ) ಸೇರಿದ್ದಾದ್ದರಿಂದ ಅದನ್ನು ಒಂದು ಕುಟುಂಬ ತನ್ನಿಚ್ಛೆಯಂತೆ ಅತಿಥಿಗಳಿಗೆ ತೆರೆಯಲಾಗದು. ಕೃಷಿಭೂಮಿಯಲ್ಲಿ ವಾಣಿಜ್ಯ ಕಟ್ಟಡ ಎಬ್ಬಿಸಲು 1964ರ ಭೂಕಂದಾಯ ಕಾಯಿದೆಯಡಿ ಭೂಪರಿವರ್ತನೆ ಬೇಕು. ಪಹಣಿಯಲ್ಲಿ ಇನ್ನೂ ತಾತನ ಹೆಸರಿರುವ ಮನೆಗೆ ಅದು ಸುಲಭವಲ್ಲ. ತೋಟದ ಲೈನ್‌ಮನೆಯಲ್ಲಿರುವ ಕಾರ್ಮಿಕ ಕುಟುಂಬಕ್ಕೂ, ಊರಾಚೆಯ ಕಾಲೊನಿಯ ಭೂರಹಿತ ದಲಿತ ಕುಟುಂಬಕ್ಕೂ ತೋರಿಸಲು ತೊಟ್ಟಿಮನೆಯಿಲ್ಲ. ‘ಸಾಂಪ್ರದಾಯಿಕ ಮನೆಯೂಟ’ವೆಂದು ಜಾಹೀರಾತಿನಲ್ಲಿ ಬರುವ ಊಟ ಯಾವ ಜಾತಿಗಳ ಅಡುಗೆಮನೆಯದೆಂಬುದನ್ನು ಗಮನಿಸಿದರೆ, ಪಾಲ್ಗೊಳ್ಳುವಿಕೆ ಪ್ರೇರಣೆಯ ಪ್ರಶ್ನೆ ಎಷ್ಟೋ ಅಷ್ಟೇ ಆಸ್ತಿಯ ಪ್ರಶ್ನೆಯೂ ಹೌದೆಂಬುದು ಕಾಣುತ್ತದೆ.

2025–26ರ ಕೇಂದ್ರ ಬಜೆಟ್ ಹೋಮ್‌ಸ್ಟೇಗಳಿಗೆ ಮುದ್ರಾ ಸಾಲವನ್ನು ಪ್ರಕಟಿಸಿದೆ. ಬಂಡವಾಳವೊಂದೇ ಅಡ್ಡಿಯಾಗಿದ್ದ ಮನೆಗಳಿಗೆ ಅದರಿಂದ ಉಪಯೋಗವಾದೀತು. ದಾಖಲೆ ಸರಿಯಿಲ್ಲದ ಮನೆಗೆ, ಡಿಸೆಂಬರಿನಲ್ಲಿ ಕಣಕ್ಕೂ ಅಡುಗೆಮನೆಗೂ ಒಂದೇ ಜೋಡಿ ಕೈಯಿರುವ ಮನೆಗೆ, ಸೈಟಿನ ಬೆಲೆಗಾಗಿ ಕಾಯುತ್ತಿರುವ ಕೆಂಗೇರಿ ಹೋಬಳಿಯ ಮನೆಗೆ ಸಾಲದಿಂದ ಆಗುವುದು ಹೆಚ್ಚೇನಿಲ್ಲ.