ದಿನ ತುಂಬದ ಕಂದನಿಗೆ ಬಿಸುಪೂ ಬೇಕು, ಉಸಿರೂ ಬೇಕು

ಹೊರಗೆ ಆಷಾಢದ ಮಳೆ ಹೊಯ್ಯುತ್ತಿದೆ. ಕಳಸದಾಚೆಯ ತೋಟದ ಮನೆಯೊಂದರಲ್ಲಿ ಮಗಳಿಗೆ ಎಂಟು ತಿಂಗಳಿಗೇ ನೋವು ಶುರುವಾಗಿದೆ ಎಂದುಕೊಳ್ಳಿ. "ಏಳು ತಿಂಗಳದ್ದು ಉಳಿಯುತ್ತೆ, ಎಂಟರದ್ದು ಉಳಿಯೋಲ್ಲ" ಎಂದು ಅಜ್ಜಿ ನಿಟ್ಟುಸಿರು ಬಿಡುತ್ತಾರೆ. ಸೋದರಿ, ಈ ಮಾತನ್ನು ನೀವೂ ಕೇಳಿರಬಹುದು. ಆದರೆ ಇದು ನಿಜವಲ್ಲ. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಮಗುವಿಗೆ ಬಲ. ಅಪಾಯವಿರುವುದು ಆಸೆ ಬಿಟ್ಟು ಕೈಕಟ್ಟಿ ಕೂತರೆ!

ಹೆರಿಗೆಗೆ ಮೊದಲೇ ಹೊರಡಿ

37 ವಾರ ತುಂಬುವ ಮೊದಲೇ ನೋವು ಬಂದರೆ 108ಕ್ಕೆ ಫೋನು ಮಾಡಿ. ಕೊಟ್ಟಿಗೆಹಾರ, ಮೂಡಿಗೆರೆ ದಾಟಿ ಚಿಕ್ಕಮಗಳೂರು ಸೇರಲು ಹೊತ್ತು ಹಿಡಿಯುತ್ತದೆ. ಎಳೆಗೂಸನ್ನು ಸಾಗಿಸಲು ತಾಯಿಯ ಗರ್ಭಕ್ಕಿಂತ ಒಳ್ಳೆಯ ವಾಹನ ಇನ್ನಿಲ್ಲ. ಆಸ್ಪತ್ರೆಯಲ್ಲಿ ತಾಯಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಮಗುವಿನ ಶ್ವಾಸಕೋಶವನ್ನು ಬೇಗ ಬಲಿಯುವಂತೆ ಮಾಡುತ್ತದೆ.

ರಕ್ತ ಹುಳಿಯಾಗುವುದೆಂದರೇನು?

ಗಾಳಿಯಾಡದ ಒಲೆ ಉರಿಯುವ ಬದಲು ಹೊಗೆಯಾಡುತ್ತದಲ್ಲವೇ? ಹಾಗೆಯೇ ಮೈಗೆ ಆಮ್ಲಜನಕ ಸಾಲದಿದ್ದರೆ ಸಕ್ಕರೆ ಪೂರ್ತಿ ಉರಿಯದೆ ಲ್ಯಾಕ್ಟಿಕ್ ಆಮ್ಲ ಉಳಿಯುತ್ತದೆ. ರಕ್ತದ ಪಿ.ಎಚ್. 7.35ರಿಂದ 7.45ರೊಳಗೆ ಇರಬೇಕು. ಆಮ್ಲ ಸೇರಿ ಅದಕ್ಕಿಂತ ಇಳಿದರೆ ಡಾಕ್ಟರು ಮೆಟಬಾಲಿಕ್ ಅಸಿಡೋಸಿಸ್ ಎನ್ನುತ್ತಾರೆ. ಬಲಿಯದ ಮೂತ್ರಪಿಂಡ, ಸೋಂಕು ಕೂಡ ಕಾರಣವಾಗಬಹುದು. ಚಳಿಯೂ ಶತ್ರುವೇ: ಮೈ ತಣ್ಣಗಾದ ಮಗು ಬಿಸಿಯಾಗಲು ಹೆಚ್ಚು ಆಮ್ಲಜನಕ ಖರ್ಚು ಮಾಡುತ್ತದೆ.

ಹಿಂದೆ ಇದಕ್ಕೆ ಸೋಡಾ ಬೈಕಾರ್ಬೊನೇಟನ್ನು ಧಾರಾಳವಾಗಿ ರಕ್ತನಾಳಕ್ಕೆ ಕೊಡುತ್ತಿದ್ದರು. ಈಗ ಕೈ ಬಿಗಿಹಿಡಿಯುತ್ತಾರೆ. ಅದನ್ನು ಒಮ್ಮೆಲೇ ಕೊಟ್ಟರೆ ಎಳೆಯ ಮಿದುಳಿನಲ್ಲಿ ರಕ್ತಸ್ರಾವವಾಗುವ ಭಯವಿದೆ. ಮೂಲ ಕಾರಣಕ್ಕೆ ಮದ್ದು ಮಾಡುವುದೇ ಇಂದಿನ ದಾರಿ: ಉಸಿರಿಗೆ ಆಸರೆ, ಮೈಗೆ ಬಿಸುಪು, ಬೇಕಾದಷ್ಟು ದ್ರವ, ಸೋಂಕಿದ್ದರೆ ಆಂಟಿಬಯೋಟಿಕ್. ಮನೆಯಲ್ಲಿ ಅಡಿಗೆ ಸೋಡಾ, ಜೇನು, ಸಕ್ಕರೆ ನೀರು ಯಾವುದನ್ನೂ ನೆಕ್ಕಿಸಬೇಡಿ.

ಕೆಂಪು ದೀಪದ ಯಂತ್ರ

ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಮಗುವಿನ ಪಾದಕ್ಕೆ ಕೆಂಪಗೆ ಬೆಳಗುವ ಪಟ್ಟಿ ಸುತ್ತಿದರೆ ಗಾಬರಿಯಾಗಬೇಡಿ. ಅದು ಪಲ್ಸ್ ಆಕ್ಸಿಮೀಟರು, ನೋವಿಲ್ಲ. 1974ರಲ್ಲಿ ಜಪಾನಿನ ಟಕುವೊ ಅಯೊಯಾಗಿ ಈ ಉಪಾಯ ಕಂಡುಹಿಡಿದರು. ಆಮ್ಲಜನಕ ಹಾಕಿರುವ ದಿನ ತುಂಬದ ಮಗುವಿಗೆ ಸಾಮಾನ್ಯವಾಗಿ ಶೇಕಡಾ 90ರಿಂದ 95ರ ಒಳಗೆ ಇಡುತ್ತಾರೆ. "ನೂರಕ್ಕೆ ನೂರು ಯಾಕಿಲ್ಲ?" ಎಂದು ನರ್ಸಮ್ಮನನ್ನು ಜಗ್ಗಬೇಡಿ. ಆಮ್ಲಜನಕ ಅತಿಯಾದರೆ ಕಣ್ಣಿನ ರೆಟಿನಾ ಕೆಡುತ್ತದೆ. 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಗುವ ಮಗುವಿನ ಕಣ್ಣನ್ನು 30 ದಿನದೊಳಗೆ ತೋರಿಸಲೇಬೇಕು. ಇದಕ್ಕಾಗಿಯೇ ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ 'ಕಿಡ್‌ರಾಪ್' ಎಂಬ ಯೋಜನೆ ತಂದು, ಹಳ್ಳಿಗಾಡಿನ ಮಕ್ಕಳ ಕಣ್ಣಿನ ಚಿತ್ರವನ್ನು ದೂರದಿಂದಲೇ ನೋಡುವ ಏರ್ಪಾಟು ಮಾಡಿತು.

ರಕ್ತದಲ್ಲಿ ಆಮ್ಲಜನಕ ಇದ್ದರೂ ಅದು ಅಂಗಾಂಗಗಳಿಗೆ ತಲುಪಬೇಕಲ್ಲ? ಅದನ್ನು ತಿಳಿಯಲು ಎದೆಯ ಚರ್ಮವನ್ನು ಬೆರಳಿನಿಂದ ಐದು ಸೆಕೆಂಡು ಒತ್ತಿ ಬಿಡುತ್ತಾರೆ. ಸುಮಾರು ಮೂರು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಮೂತ್ರದ ಪ್ರಮಾಣ, ರಕ್ತದ ಲ್ಯಾಕ್ಟೇಟ್ ನೋಡುತ್ತಾರೆ. ಹಣೆಗೆ ಪಟ್ಟಿ ಅಂಟಿಸಿ ಮಿದುಳಿನ ಆಮ್ಲಜನಕ ಅಳೆಯುವ ಯಂತ್ರವೂ ಉಂಟು. ಆದರೆ 1,601 ಶಿಶುಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆ ಯಂತ್ರ ಬಳಸಿದ್ದರಿಂದ ಸಾವಾಗಲೀ ಮಿದುಳಿನ ತೀವ್ರ ಹಾನಿಯಾಗಲೀ ಕಡಿಮೆಯಾದದ್ದು ಕಾಣಲಿಲ್ಲ. ದೊಡ್ಡ ಯಂತ್ರ ಇಲ್ಲವಲ್ಲಾ ಎಂದು ಕೊರಗಬೇಡಿ.

ನಿಮ್ಮ ಎದೆಯೇ ತೊಟ್ಟಿಲು

1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾದ ಕಾಂಗರೂ ಆರೈಕೆ ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ನಡೆದಿದೆ. ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ ಹಾಕಿದ ಮಗುವನ್ನು ಬರಿಯ ಎದೆಗೆ ನೆಟ್ಟಗೆ ಒರಗಿಸಿ ಮೇಲೆ ಸೀರೆ ಸುತ್ತಿ. ಮೂಗು, ಬಾಯಿ ಮುಚ್ಚದಿರಲಿ. ಬಾಣಂತಿಗೆ ಸುಸ್ತಾದರೆ ಅಪ್ಪ, ಅಜ್ಜಿಯೂ ಹೀಗೆ ಇಟ್ಟುಕೊಳ್ಳಬಹುದು. ಮನೆಗೆ ತಂದ ಮೇಲೆ ಅಗ್ಗಿಷ್ಟಿಕೆ, ಸಾಂಬ್ರಾಣಿ ಹೊಗೆ ಬೇಡ. ಡಾಕ್ಟರು ಹೇಳುವವರೆಗೆ ಎಣ್ಣೆ-ನೀರೂ ಬೇಡ.

ಪಾದ ತಣ್ಣಗಿದ್ದರೆ, ಮೊಲೆ ಚೀಪದಿದ್ದರೆ, ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡಿದರೆ, ತುಟಿ ನೀಲಿಗಟ್ಟಿದರೆ, ಎಬ್ಬಿಸಿದರೂ ಏಳದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಎದೆಗಪ್ಪಿಕೊಂಡೇ ಹೊರಡಿ. ಮಳೆ ನಿಲ್ಲಲಿ ಎಂದರೆ, ಮಲೆನಾಡಿನಲ್ಲಿ ಅದು ನಿಲ್ಲುವುದು ಯಾವಾಗ?